ಓದದೆ ಉಳಿದ ಚೀಟಿಗಳು

ಅವನ ಪ್ಯಾಂಟುಗಳೆಲ್ಲ ಮೊಣಕಾಲಿನಲ್ಲೇ ಸವೆಯುತ್ತಿದ್ದವು. ಎರಡೂ ಮೊಣಕಾಲಿನ ಮೇಲೆ ಅಂಗೈಯಗಲ ಬಟ್ಟೆ ತೆಳ್ಳಗಾಗಿ, ಬಿಸಿಲಿಗೆ ನಿಂತರೆ ಹೊಳೆಯುತ್ತಿತ್ತು. ಕೋಣೆ ನೋಡಲು ಬಂದ ಮೊದಲ ದಿನ ಅದನ್ನು ಕಂಡು, ಈ ಹುಡುಗ ನೆಲಕ್ಕೆ ಟೈಲ್ಸ್ ಹಾಕುವ ಕೆಲಸದವನಿರಬೇಕು ಎಂದುಕೊಂಡೆ. ಬಾಯಿ ಸುಮ್ಮನಿರದೆ ಕೇಳಿಯೂ ಬಿಟ್ಟೆ. ಅವನು ಒಮ್ಮೆ ತನ್ನ ಮೊಣಕಾಲು ನೋಡಿಕೊಂಡು, "ಪ್ರಾರ್ಥನಾ ಮಾಡ್ತೀನ್ರಿ," ಎಂದ. ಅಷ್ಟು ಹೇಳುವುದಕ್ಕೇ ಅವನ ಕಿವಿ ಕೆಂಪಾಗಿತ್ತು.

ಊರು ಬೆಟಗೇರಿ. ಅಪ್ಪ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು, ಅವ್ವ ಚರ್ಚಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ದೇವರ ಸೇವೆಗೆಂದೇ ಓದಿ, ಇಪ್ಪತ್ತೇಳನೆಯ ವಯಸ್ಸಿಗೆ ಬೋಧಕನಾಗಿ ಆಸ್ಟ್ರೇಲಿಯಾಕ್ಕೆ ಬಂದಿದ್ದ. ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೂರೂ ಊರುಗಳಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಕ್ರೈಸ್ತರ ಸಣ್ಣ ಸಣ್ಣ ಕೂಟಗಳಿದ್ದವು. ಒಂದೊಂದು ಕೂಟಕ್ಕೂ ಒಬ್ಬ ಬೋಧಕನನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದೆ, ಮೂರೂ ಸೇರಿ ಇವನೊಬ್ಬನನ್ನು ಕರೆಸಿಕೊಂಡಿದ್ದವು. ಇವನ ವೀಸಾಕ್ಕೆ ಹೊಣೆ ನಿಂತಿದ್ದೂ ಅವರೇ. ಅವರು ಬೇಡವೆಂದ ದಿನ ಇವನು ದೇಶ ಬಿಡಬೇಕು. ಎಲ್ಲರೂ ಇವನನ್ನು ಬ್ರದರ್ ಎನ್ನುತ್ತಿದ್ದರು. ನಾನು ಮೈಸೂರಿನ ಹಿಂದೂ ಹೆಂಗಸು, ಪರ್ತಿನಲ್ಲಿ ಮಳೆನೀರಿನ ಚರಂಡಿಗಳ ನಕ್ಷೆ ಹಾಕುವ ಎಂಜಿನಿಯರ್. ಅವರ ಕೂಟಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಸದರ್ನ್ ರಿವರ್ ಬಡಾವಣೆಯ ನನ್ನ ಮನೆಯಲ್ಲಿ ಹಿಂದಿನ ಕೋಣೆ ಖಾಲಿಯಿತ್ತು, ಅವನಿಗೆ ಕೋಣೆ ಬೇಕಿತ್ತು. ನಾನೂ ಬ್ರದರ್ ಎಂದೇ ಕರೆದೆ, ಮೊದಮೊದಲು ಕೀಟಲೆಗೆ, ಆಮೇಲೆ ರೂಢಿಯಾಗಿ. ನನಗಿಂತ ಹದಿನೈದು ವರ್ಷ ಚಿಕ್ಕವನು. ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಬಹುವಚನದಲ್ಲಿ ಬರೆದರೆ ಅವನೇ ನಕ್ಕಾನು.

ಒಂದು ವಾರ ಪರ್ತ್, ಒಂದು ವಾರ ಅಡಿಲೇಡ್, ಒಂದು ವಾರ ಬ್ರಿಸ್ಬೇನ್, ಹೀಗೆ ಬೆನ್ನಿಗೊಂದು ಚೀಲ ಹಾಕಿಕೊಂಡು ತಿರುಗುತ್ತಿದ್ದ. ಕೈಗಡಿಯಾರವನ್ನು ಮಾತ್ರ ಸದಾ ಅಡಿಲೇಡಿನ ಹೊತ್ತಿಗೇ ಇಟ್ಟಿರುತ್ತಿದ್ದ, ಅದು ನಡುವಿನ ಊರು ಎಂಬ ಕಾರಣಕ್ಕೆ. ಹೀಗಾಗಿ ಮೂರರಲ್ಲಿ ಎರಡು ಊರಿನಲ್ಲಿ ಅವನಿಗೆ ಹೊತ್ತು ತಪ್ಪಿರುತ್ತಿತ್ತು. ಮನೆಯಲ್ಲಿ ಪ್ರತಿಯೊಂದಕ್ಕೂ ಅಪ್ಪಣೆ ಕೇಳುವನು. "ಅಕ್ಕಾರ, ಒಂದು ಚೂರು ಕಿಟಕಿ ತಗೀಲೇನ್ರಿ?" "ಅಕ್ಕಾರ, ಫ್ರಿಜ್ಜಿನ್ಯಾಗಿನ ಮೊಸರು ತಗೋಳ್ಳೇನ್ರಿ?" ತನ್ನದೇ ಮೊಸರು. ಶನಿವಾರ ಊರಿನಲ್ಲಿದ್ದರೆ ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದ. ಆ ಸದ್ದಿಗೆ ಪಕ್ಕದ ಮನೆಯ ಬಿಳಿಯ ಮುದುಕ ಬೇಲಿಯ ಮೇಲಿಂದ ತಲೆ ಹಾಕಿ, ಏನು ರಿಪೇರಿ ನಡೆದಿದೆ ಎಂದು ವಿಚಾರಿಸಿದ. ಅವನ ಕೈಗೂ ಒಂದು ರೊಟ್ಟಿ, ಅದರ ಮೇಲೆ ಗುರೆಳ್ಳು ಚಟ್ನಿಪುಡಿ, ಎಣ್ಣೆ. ಆಮೇಲೆ ಆ ಮುದುಕ ಸದ್ದು ಕೇಳಿದಾಗಲೆಲ್ಲ ಬೇಲಿಯ ಪಕ್ಕದ ಗಿಡಗಳಿಗೇ ನೀರು ಹಾಕುತ್ತಿದ್ದ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಗಂಡ ಬ್ರಿಸ್ಬೇನಿಗೆ ಹೋಗಿ ಆಗಲೇ ವರ್ಷದ ಮೇಲಾಗಿತ್ತು. ಪ್ರಾಜೆಕ್ಟಿಗೆಂದು ಹೋದವರು ವಾಪಸು ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಜಗಳವಿಲ್ಲದೆ ಮುಗಿದ ಮದುವೆ. ಆದರೆ ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ನಾನು ಹೇಳಿರಲಿಲ್ಲ. ಅಣ್ಣನ ಮಗಳಿಗೆ ಗಂಡು ಗೊತ್ತಾಗಲಿ ಎಂದುಕೊಂಡೆ, ಆಮೇಲೆ ದಸರಾ ಕಳೆಯಲಿ ಎಂದುಕೊಂಡೆ, ಆಮೇಲೆ ಕಾರಣ ಹುಡುಕುವುದನ್ನೂ ಬಿಟ್ಟೆ. ವಿಡಿಯೋ ಕರೆಯಲ್ಲಿ ಅಮ್ಮ ಕೇಳಿದರೆ ಅಳಿಯ ಸ್ನಾನಕ್ಕೆ ಹೋಗಿರುತ್ತಿದ್ದರು, ಇಲ್ಲವೇ ಬ್ರಿಸ್ಬೇನಿಗೆ. ಪರ್ತಿನ ಕನ್ನಡದವರ ಬಾಯಿಗೆ ಬೀಳಬಾರದೆಂದು ಅವರ ಒಂದು ಜೊತೆ ಬೂಟು ಬಾಗಿಲ ಹೊರಗೆ ಇಟ್ಟಿದ್ದೆ. ಪ್ರತಿ ಶನಿವಾರ ಧೂಳು ಒರೆಸಿ ಸ್ವಲ್ಪ ಅತ್ತಿತ್ತ ಸರಿಸುತ್ತಿದ್ದೆ, ಯಾರೋ ಹಾಕಿಕೊಂಡು ಹೋಗಿಬಂದ ಹಾಗೆ. ಈಗ ಬರೆಯುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಅವನು ಬಂದ ಎಂಟನೆಯ ತಿಂಗಳಿಗೆ ಮೂರೂ ಕೂಟದವರು ಸೇರಿ ಅವನನ್ನು ಪವಿತ್ರ ನಾಡಿಗೆ, ಯೇಸು ಹುಟ್ಟಿ ಬಾಳಿದ ಊರುಗಳಿಗೆ, ಕಳಿಸುವುದೆಂದು ನಿಶ್ಚಯಿಸಿದರು. ಬೇರೆ ಬೇರೆ ಚರ್ಚುಗಳ ಆಸ್ಟ್ರೇಲಿಯನ್ನರ ಒಂದು ಗುಂಪು ಹೊರಟಿತ್ತು. ಅದರಲ್ಲಿ ಇವನಿಗೊಂದು ಜಾಗ ಹಿಡಿದರು. ಇದರ ಹಿಂದೆ ಓಡಾಡಿದವರು ಪರ್ತ್ ಕೂಟದ ಕಾರ್ಯದರ್ಶಿ ಅಂಕಲ್, ಬೆಂಗಳೂರಿನವರು, ಎಲ್ಲವನ್ನೂ ಪ್ರಿಂಟು ತೆಗೆದು ಪ್ಲಾಸ್ಟಿಕ್ಕು ಹಾಕಿಸಿ ಇಟ್ಟುಕೊಳ್ಳುವವರು. ಯಾವ ದಿನ ಯಾವ ಊರು ಎಂಬ ಪಟ್ಟಿಗೂ ಪ್ಲಾಸ್ಟಿಕ್ಕು ಹಾಕಿಸಿದ್ದರು. ಹೊರಡುವ ಮುಂಚೆ ಒಬ್ಬೊಬ್ಬರೂ ತಮ್ಮ ಪ್ರಾರ್ಥನೆಯನ್ನು ಚೀಟಿಯಲ್ಲಿ ಬರೆದು, ಮಡಿಸಿ, ಪಿನ್ನು ಹೊಡೆದು, ಹೊರಗಡೆ ಊರಿನ ಹೆಸರು ಬರೆದು ಇವನ ಕೈಗೆ ಕೊಟ್ಟರು. ಮಗು ಬೇಕಾದವರದು ಯೇಸು ಹುಟ್ಟಿದ ಬೆತ್ಲೆಹೇಮ್, ಕಾಯಿಲೆಯವರದು ಯೇಸು ಸತ್ತವನನ್ನು ಎಬ್ಬಿಸಿದ ಬೇಥಾನ್ಯ, ಮನಸ್ಸಿಗೆ ನೆಮ್ಮದಿ ಇಲ್ಲದವರದು ಯೇಸು ಸಾಯುವ ಹಿಂದಿನ ರಾತ್ರಿ ಸಂಕಟಪಟ್ಟು ಪ್ರಾರ್ಥಿಸಿದ ಗೆತ್ಸೇಮನೆ. ಆಯಾ ಜಾಗದಲ್ಲಿ ಮೊಣಕಾಲೂರಿ, ಪಿನ್ನು ಬಿಚ್ಚಿ, ಚೀಟಿ ಓದುವುದು ಇವನ ಕೆಲಸ. ಅವನ ಅವ್ವ ಹೊಲಿದು ಕೊಟ್ಟಿದ್ದ ಬಿಳಿ ಬಟ್ಟೆಯ ಚೀಲದ ತುಂಬ ಚೀಟಿ. "ನೀವೂ ಒಂದು ಬರೀರಿ ಅಕ್ಕಾರ," ಎಂದ. ನನ್ನ ದೇವರು ಬೆಟ್ಟದ ಮೇಲೆ ಮೈಸೂರಿನಲ್ಲೇ ಇದ್ದಾಳೆ, ಅಷ್ಟು ದೂರ ಯಾಕೆ ತೊಂದರೆ ಕೊಡಲಿ ಎಂದು ನಕ್ಕುಬಿಟ್ಟೆ.

ಹೋಗಿ ಹನ್ನೆರಡು ದಿನಕ್ಕೆ ಬಂದ. ವಿಮಾನ ನಿಲ್ದಾಣದಲ್ಲೇ ಹಾರ ಹಾಕಿದರು. ಮುಂದಿನ ಭಾನುವಾರ ಪರ್ತಿನ ಬಾಡಿಗೆ ಸಭಾಂಗಣದಲ್ಲಿ ಅವನ ಪ್ರವಾಸಕಥನ, ನನ್ನನ್ನೂ ಕರೆದಿದ್ದರು. ಯೆರೂಸಲೇಮಿನ ದೊಡ್ಡ ಬೀದಿಯ ಎರಡೂ ಬದಿಗೆ ಕಂಬಗಳ ಸಾಲು ಇರುವುದನ್ನು ಹೇಳಿದ. ಯೊರ್ದನ್ ನದಿಯ ಮೀನುಗಳು ಉಪ್ಪಿನ ಸಮುದ್ರದವರೆಗೆ ಈಜಿ ಹೋಗಿ, ನೀರಿನ ರುಚಿ ತಿಳಿದ ಕೂಡಲೇ ಮುಖ ತಿರುಗಿಸಿ ವಾಪಸು ಬರುವುದನ್ನು ಹೇಳಿದ. ಎಲ್ಲರಿಗೂ ಆ ಮೀನು ತುಂಬ ಹಿಡಿಸಿತು. ಅವನು ಮಾತ್ರ ಯಾರ ಮುಖವನ್ನೂ ನೋಡದೆ ನೆಲ ನೋಡಿಕೊಂಡೇ ಮಾತಾಡಿದ. ಸಂಕೋಚದ ಹುಡುಗ ಎಂದುಕೊಂಡೆ.

ಅದಾದ ಮೂರು ತಿಂಗಳಿಗೆ ಬ್ರಿಸ್ಬೇನಿನ ಕ್ಯಾಲಮ್‌ವೇಲಿನಲ್ಲಿದ್ದ ದಂಪತಿ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದರು. ತಮ್ಮ ಬಾಳಿನಲ್ಲಿ ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವುದಕ್ಕೆ ಅವರಲ್ಲಿ ಸಾಕ್ಷಿ ಎನ್ನುತ್ತಾರೆ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿರಲಿಲ್ಲ, ಬ್ರದರ್ ಬೆತ್ಲೆಹೇಮಿನಲ್ಲಿ ನಮ್ಮ ಚೀಟಿ ಓದಿದರು, ಈಗ ಮೂರನೆಯ ತಿಂಗಳು ಎಂದರು. ಕಾರ್ಯದರ್ಶಿ ಅಂಕಲ್ ಆ ಸಾಕ್ಷಿಯ ವಿಡಿಯೋವನ್ನು ಮೂರೂ ಊರಿಗೆ ಕಳಿಸಿದರು. ಅಲ್ಲಿಂದ ಮುಂದೆ ಅವನು ಹೋದಲ್ಲೆಲ್ಲ ಬೆತ್ಲೆಹೇಮಿನ ಕಥೆಯೇ. ಹೊಸ ಹೊಸ ಚೀಟಿಗಳೂ ಬರತೊಡಗಿದವು, ಮುಂದಿನ ಸಲಕ್ಕೆ ಎಂದು. ನಮ್ಮ ಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಊರಿನಲ್ಲಿದ್ದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಪಕ್ಕದ ಮನೆಯ ಮುದುಕ ಬೇಲಿಯ ಹತ್ತಿರ ಬಂದು, ಹುಡುಗನಿಗೆ ಹುಷಾರಿಲ್ಲವೇ ಎಂದು ಕೇಳಿದ.

ಚಳಿಗಾಲದಲ್ಲಿ ಅವನ ಕೋಣೆಯ ಸಿಂಕಿನ ಕೆಳಗೆ ನೀರು ಸೋರತೊಡಗಿತು. ಅವನು ಅಡಿಲೇಡಿನಲ್ಲಿದ್ದ. ಪ್ಲಂಬರ್ ಬಂದಾಗ ನಾನೇ ಕಪಾಟು ಖಾಲಿ ಮಾಡಿಕೊಟ್ಟೆ. ಹಿಂದುಗಡೆ ಆ ಬಿಳಿ ಚೀಲ ಸಿಕ್ಕಿತು. ಒಳಗೆ ಚೀಟಿಗಳು, ಒಂದೊಂದಕ್ಕೂ ಪಿನ್ನು ಹಾಗೇ ಇತ್ತು. ಬೆತ್ಲೆಹೇಮ್, ಬೇಥಾನ್ಯ, ಗೆತ್ಸೇಮನೆ. ಒಂದನ್ನೂ ಬಿಚ್ಚಿರಲಿಲ್ಲ.

ಅವನು ಬಂದ ಮಧ್ಯಾಹ್ನ ಚೀಲವನ್ನು ಊಟದ ಮೇಜಿನ ಮೇಲೆ ಇಟ್ಟು ಕಾದಿದ್ದೆ. ನೋಡಿದವನು ಕುರ್ಚಿ ಎಳೆದು ಕುಳಿತ. ಕೂರಲೇನ್ರಿ ಎಂದು ಕೇಳದೆ ಅವನು ಕುಳಿತದ್ದು ಅದೇ ಮೊದಲು.

"ಹೋಗೇ ಇಲ್ರಿ ಅಕ್ಕಾರ," ಎಂದ. "ಅಲ್ಲಿ ತನಕ ಹೋದ್ನಿ. ಒಳಗ ಹೋಗ್ಲಿಲ್ಲ."

ತಪ್ಪು ಅವನದೇ. ಪ್ರವಾಸದವರಿಗೆ ಪಾಸ್‌ಪೋರ್ಟಿನ ನಂಬರು ಕೊಟ್ಟ ಮೇಲೆ ಅವಧಿ ಮುಗಿಯಿತೆಂದು ಹೊಸ ಪಾಸ್‌ಪೋರ್ಟ್ ಮಾಡಿಸಿದ್ದ. ಹೊಸ ನಂಬರು ತಿಳಿಸುವುದನ್ನು ಮರೆತಿದ್ದ. ಆಚೆಯ ದೇಶದ ವೀಸಾ ಹಳೆಯ ನಂಬರಿಗೆ ಬಂದಿತ್ತು. ಜೋರ್ಡಾನ್ ದೇಶದ ಕಡೆಯಿಂದ ಯೊರ್ದನ್ ನದಿ ದಾಟುವ ಸೇತುವೆಯಲ್ಲಿ ಗುಂಪಿನವರನ್ನೆಲ್ಲ ಬಿಟ್ಟರು, ಇವನನ್ನು ಬೆಂಚಿನ ಮೇಲೆ ಕೂರಿಸಿದರು. ಸಂಜೆಯಾದ ಮೇಲೆ, ಆಗುವುದಿಲ್ಲ, ಹಿಂದಕ್ಕೆ ಹೋಗಿ ಎಂದರು. ಗುಂಪು ಆಚೆಯ ಊರುಗಳನ್ನೆಲ್ಲ ನೋಡಿಕೊಂಡು ಬರುವವರೆಗೆ ಮದಬಾ ಎಂಬ ಪಟ್ಟಣದಲ್ಲಿ, ರೊಟ್ಟಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇವನೊಬ್ಬನೇ ಇದ್ದ. ಆ ಊರಿನ ಒಂದು ಹಳೆಯ ಚರ್ಚಿನ ನೆಲದ ಮೇಲೆ ಬಣ್ಣದ ಕಲ್ಲಿನ ಚೂರುಗಳಿಂದ ಮಾಡಿದ ಪವಿತ್ರ ನಾಡಿನ ನಕ್ಷೆಯಿದೆಯಂತೆ, ನೂರಾರು ವರ್ಷಗಳ ಹಿಂದಿನದು. ಯೆರೂಸಲೇಮಿನ ಕಂಬದ ಸಾಲು, ತಿರುಗಿ ಬರುವ ಮೀನು, ಎಲ್ಲ ಅದರಲ್ಲಿದ್ದದ್ದು. ಐದು ದಿನವೂ ಅದನ್ನೇ ನೋಡಿದನಂತೆ. ಒಂದು ದಿನ ಬಾಡಿಗೆ ಕಾರಿನಲ್ಲಿ ನೆಬೋ ಬೆಟ್ಟಕ್ಕೂ ಹೋಗಿದ್ದ. ತನ್ನ ಜನರನ್ನು ನಲವತ್ತು ವರ್ಷ ಮರಳುಗಾಡಿನಲ್ಲಿ ನಡೆಸಿಕೊಂಡು ಬಂದ ಮುದುಕ ಆಚೆಯ ನಾಡನ್ನು ಅಲ್ಲಿಂದ ನೋಡಿ, ದಾಟದೆ ಅಲ್ಲೇ ತೀರಿಕೊಂಡ ಬೆಟ್ಟ ಅದು.

"ಅಲ್ಲಿ ನಿಂತು ಚೀಟಿ ತಗದ್ನಿ. ಆದ್ರ ಮ್ಯಾಲ ಬೆತ್ಲೆಹೇಮ್ ಅಂತ ಬರದದ್ದನ್ನ ಬ್ಯಾರೇ ಕಡೆ ಹೆಂಗ ಬಿಚ್ಚೂದ್ರಿ? ಮತ್ತ ಚೀಲದಾಗ ಹಾಕಿದ್ನಿ."

"ಆಗಲೇ ಒಂದು ಮೆಸೇಜ್ ಹಾಕೋಕೆ ಏನಾಗಿತ್ತು?" ಎಂದೆ.

ಕಥೆ ಇದ್ದದ್ದೇ ಅಲ್ಲಿ. ಸೇತುವೆಯಿಂದ ಹಿಂದಿರುಗಿದ ಮರುದಿನ ಬೆಳಗ್ಗೆ ಬರೆಯಲೆಂದು ಫೋನು ತೆಗೆದರೆ ಕಾರ್ಯದರ್ಶಿ ಅಂಕಲ್ ಪಟ್ಟಿ ನೋಡಿಕೊಂಡು ಮೂರೂ ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದರು: ನಮ್ಮ ಬ್ರದರ್ ಇಂದು ಬೆತ್ಲೆಹೇಮಿನಲ್ಲಿದ್ದಾರೆ, ಪ್ರಾರ್ಥಿಸಿರಿ. ಜೊತೆಗೆ ಇಂಟರ್ನೆಟ್ಟಿನ ಒಂದು ಚಿತ್ರ. ಆ ಗುಂಪಿನಲ್ಲಿ ಯಾರು ಏನು ಹಾಕಿದರೂ ಉಳಿದವರು ಆಮೆನ್ ಎಂದು ಬರೆಯಲೇಬೇಕು, ಅದು ಪದ್ಧತಿ. ನಲವತ್ತು ಜನ ಆಮೆನ್ ಎಂದಾಗಿತ್ತು. ಅಷ್ಟು ಜನರ ಆಮೆನ್ ಕೆಳಗೆ ಇಲ್ಲ ಎಂದು ಬರೆಯಲು ಇವನ ಕೈ ಏಳಲಿಲ್ಲ. ತಾನೂ ಒಂದು ಆಮೆನ್ ಹಾಕಿದ. ಐದು ದಿನವೂ ಹಾಗೇ ಆಯಿತು. ಬಂದು ಎಲ್ಲರಿಗೂ ಎದುರೆದುರೇ ಹೇಳೋಣ ಎಂದುಕೊಂಡಿದ್ದ. ಹಾರ ಹಾಕಿದ್ದ ವಾರವೇ ಅಡಿಲೇಡಿಗೆ ಹೋದರೆ, ಅಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿ ಇವನ ಕೈ ಹಿಡಿದು, "ನನ್ನ ಚೀಟಿ ಓದಿದ್ಯಾ ಮಗಾ?" ಎಂದರಂತೆ. ಅವರದು ಬೇಥಾನ್ಯದ ಚೀಟಿ.

"ಹೂಂ ಅಂದ್ಬಿಟ್ನಿ ಅಕ್ಕಾರ. ಒಂದು ಹೂಂ. ಈಗ ಅದರ ಮ್ಯಾಲ ಒಂದು ಕೂಸು ಕುಂತೈತಿ."

ನನಗೆ ಅವನ ಮೇಲೆ ಮರುಕ ಬಂತು, ಅದಕ್ಕಿಂತ ಹೆಚ್ಚಾಗಿ ಭಯ ಬಂತು. ಸುಮ್ಮನಿದ್ದುಬಿಡು ಎಂದೆ. ಯಾರಿಗೆ ನಷ್ಟ, ಅಜ್ಜಿ ಸಮಾಧಾನವಾಗಿದ್ದಾರೆ, ಆ ಹುಡುಗಿ ಬಸುರಿಯಾಗಿದ್ದಾಳೆ, ಹೇಳಿದರೆ ನಿನ್ನ ವೀಸಾ ಹೋಗುತ್ತದೆ. ಚೆನ್ನಾಗಿಯೇ ವಾದ ಮಾಡಿದೆ. ಅವನು ಪೂರ್ತಿ ಕೇಳಿದ. ಆಮೇಲೆ, "ಸುಮ್ಮನ ಇರೂದು ಹೆಂಗಂತ ನೀವ ಕಲಸ್ರಿ. ನಿಮಗ ರೂಢಿ ಐತಿ," ಎಂದ. "ಹೊರಗಿನ ಬೂಟು ಬಿಸಿಲಿಗೆ ಸೀಳಾಕತ್ತಾವ್ರಿ ಅಕ್ಕಾರ. ಯಾರೂ ಹಾಕ್ಕೊಳ್ಳೂದಿಲ್ಲ."

ಚುಚ್ಚಿ ಆಡಿದ ಮಾತಲ್ಲ, ಅವನಿಗೆ ಚುಚ್ಚಲು ಬರುವುದೂ ಇಲ್ಲ. ಆದರೆ ನನಗೆ ಮೈಯೆಲ್ಲ ಉರಿಯಿತು. ಬಾಡಿಗೆಗೆ ಇರುವವನು ಬಾಡಿಗೆಯವನ ಹಾಗಿರಬೇಕು ಎಂದು ರೇಗಿದೆ. ಒಂಬತ್ತು ದಿನ ಅವನೊಂದಿಗೆ ಮಾತಾಡಲಿಲ್ಲ. ಅವನು ಊರಿನಲ್ಲಿದ್ದಷ್ಟು ದಿನ ಮತ್ತೆ ರೊಟ್ಟಿ ಬಡಿದು, ನನ್ನ ಪಾಲಿನದನ್ನು ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದ. ತಿನ್ನುತ್ತಿದ್ದೆ, ಮಾತು ಮಾತ್ರ ಆಡುತ್ತಿರಲಿಲ್ಲ.

ಅಷ್ಟರಲ್ಲಿ ಅಡಿಲೇಡಿನ ಅಜ್ಜಿ ತೀರಿಕೊಂಡರು. ಅಂತ್ಯಕ್ರಿಯೆಗೆ ಇವನೇ ಹೋಗಬೇಕು, ಇವನೇ ಮಾತಾಡಬೇಕು. ಅಲ್ಲಿ ಅಜ್ಜಿಯ ಮಗಳು ಎಲ್ಲರ ಮುಂದೆ ನಿಂತು, ನಮ್ಮಮ್ಮ ಹೆದರದೆ ಹೋದರು, ಬೇಥಾನ್ಯದಲ್ಲಿ ತಮ್ಮ ಚೀಟಿ ಓದಿದ್ದಾರೆಂಬ ಧೈರ್ಯ ಅವರಿಗಿತ್ತು ಎಂದರಂತೆ. ಹಿಂದಿರುಗಿ ಬಂದವನ ಮುಖ ನೋಡಿ ನನ್ನ ಮೌನವ್ರತ ತಾನಾಗಿ ಮುರಿಯಿತು. ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತು, "ಅವರಿಗಂತೂ ಇನ್ನ ಹೇಳಾಕ ಆಗೂದಿಲ್ರಿ," ಎಂದ. "ಉಳಿದವರ ಮುಂದ ಹೇಳೇ ಹೇಳ್ತೀನಿ. ಒಬ್ಬೊಬ್ಬರ ಹೀಂಗ ಹೋದ್ರ ನಾ ಎಲ್ಲಿಗೆ ಹೋಗ್ಲಿ?"

ಹೇಳುವ ಧೈರ್ಯ ಕೂಡಿಬರುವಷ್ಟರಲ್ಲಿ ಕೆಲವು ತಿಂಗಳು ಕಳೆದು, ಬ್ರಿಸ್ಬೇನಿನ ಮಗು ಹುಟ್ಟಿಯೂ ಆಗಿತ್ತು. ಮೊದಲು ಹೇಳಿದ್ದು ಕಾರ್ಯದರ್ಶಿ ಅಂಕಲ್‌ಗೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅವರೇ ನಮ್ಮ ಮನೆಗೆ ಬಂದರು, ನಾನು ಕಾಫಿ ಕೊಟ್ಟು ಅಲ್ಲೇ ಕುಳಿತೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನೋಡಪ್ಪಾ, ಆಗಿದ್ದು ಆಗೋಯ್ತು. ದಿನಾ ಬೆಳಗ್ಗೆ ಪೋಸ್ಟ್ ಹಾಕ್ದೋನು ನಾನು. ನಾಳೆ ಜನ ನನ್ನೇ ಕೇಳ್ತಾರೆ," ಎಂದರು. "ನಿನ್ನ ವೀಸಾ ರಿನ್ಯೂವಲ್‌ಗೆ ಮುಂದಿನ ತಿಂಗಳು ನಾನೇ ಸೈನ್ ಹಾಕ್ಬೇಕು. ಸುಳ್ಳು ಹೇಳಿದೀನಿ ಅಂತ ನೀನೇ ಎದ್ದು ನಿಂತು ಹೇಳಿದ್ಮೇಲೆ ಹೇಗಪ್ಪಾ ಹಾಕ್ಲಿ? ಬ್ರಿಸ್ಬೇನಲ್ಲಿ ಮಗು ಡೆಡಿಕೇಶನ್ ಇದೆ, ಮೂರೂ ಊರಿನೋರು ಬರ್ತಾರೆ. ಬೆತ್ಲೆಹೇಮ್ ಬಗ್ಗೆ ಎರಡು ಮಾತು ಹೇಳು, ಮಗೂನ ಆಶೀರ್ವಾದ ಮಾಡು, ಬಾ. ಆಮೇಲೆ ಯಾರೂ ಕೇಳಲ್ಲ."

"ಆಮ್ಯಾಲೂ ಕೇಳ್ತಾರ್ರಿ ಅಂಕಲ್," ಎಂದ ಇವನು. "ಆ ಕೂಸು ದೊಡ್ಡದಾಗಿ ಕೇಳ್ತೈತಿ."

ಆ ಡೆಡಿಕೇಶನ್ನಿಗೆ, ಎಂದರೆ ಹುಟ್ಟಿದ ಮಗುವನ್ನು ದೇವರಿಗೆ ಒಪ್ಪಿಸುವ ಪ್ರಾರ್ಥನೆಗೆ, ಅವನು ಹೊರಟ ವಿಮಾನದಲ್ಲೇ ನಾನೂ ಹೊರಟೆ. ನನಗೂ ಬ್ರಿಸ್ಬೇನಿನಲ್ಲಿ ಕೆಲಸವಿತ್ತು, ಬೇರ್ಪಡುವ ಕಾಗದಗಳಿಗೆ ಸಹಿ. ನಾರ್ತ್ ಲೇಕ್ಸಿನ ಮಾಲಿನಲ್ಲಿ ಕಾಫಿ ಅಂಗಡಿಯ ಮೇಜಿನ ಮೇಲೆ ಅರ್ಧ ಗಂಟೆಯಲ್ಲಿ ಅದು ಮುಗಿಯಿತು. ನನ್ನ ಗಂಡ ಹೊರಡುವಾಗ, "ಹಬ್ಬಕ್ಕೆ ನಿಮ್ಮಮ್ಮ ಮೆಸೇಜ್ ಮಾಡಿದ್ರು. ನಾನೇನೂ ಹೇಳ್ಲಿಲ್ಲ. ಅದು ನೀನೇ ಹೇಳ್ಬೇಕು," ಎಂದರು. ತಲೆ ಆಡಿಸಿ ಎದ್ದು ಬಂದೆ.

ಅಂದೇ ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಅವನನ್ನು ಕ್ಯಾಲಮ್‌ವೇಲಿಗೆ ಕರೆದುಕೊಂಡು ಹೋದೆ. ಪ್ರಾರ್ಥನೆ ಮರುದಿನ, ಅದಕ್ಕೆ ಮುಂಚೆ ಆ ಗಂಡಹೆಂಡತಿಗೆ ಮಾತ್ರ ಹೇಳಬೇಕೆಂದು ಅವನ ಹಟ. ದಾರಿಯಲ್ಲಿ, "ಸರ್ವೋ ಬಂದ್ರ ನಿಲ್ಸ್ರಿ ಅಕ್ಕಾರ," ಎಂದ. ಪೆಟ್ರೋಲ್ ಬಂಕಿಗೆ ಇಲ್ಲಿಯವರ ಮಾತು ಅದು. ಅಲ್ಲಿನ ಶೌಚಾಲಯಕ್ಕೆ ಹೋದವನು ಕಾಲು ಗಂಟೆಯಾದರೂ ಬರಲಿಲ್ಲ. ಬಂದಾಗ ಮೊಣಕಾಲಿನ ಮೇಲೆ ಒದ್ದೆ ಮಚ್ಚೆಗಳಿದ್ದವು. ನಾನು ಕಾರು ಬಿಟ್ಟೆ.

ಮನೆಯ ತುಂಬ ಬಲೂನು. ಮಗು ಅಮ್ಮನ ಭುಜದ ಮೇಲೆ ನಿದ್ದೆ ಮಾಡುತ್ತಿತ್ತು. ಅವರು ತಂದಿಟ್ಟ ಜ್ಯೂಸು ಮುಟ್ಟದೆ, ಕುರ್ಚಿಯ ತುದಿಯಲ್ಲಿ ಕುಳಿತು, ಪಾಸ್‌ಪೋರ್ಟಿನ ನಂಬರಿನಿಂದ ಹಿಡಿದು ಹೂಂ ಎಂದದ್ದರ ತನಕ ಎಲ್ಲವನ್ನೂ ಹೇಳಿದ. ಅಂಕಲ್ ಹೆಸರನ್ನು ಎಲ್ಲೂ ತರಲಿಲ್ಲ. ಕೊನೆಗೆ ಪಿನ್ನು ಹೊಡೆದ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಇಟ್ಟ.

ಆ ಗಂಡ ಬೆಂಗಳೂರಿನ ಹುಡುಗ, ಮೆತ್ತಗಿನ ಮನುಷ್ಯ. ಅವನ ಕುತ್ತಿಗೆಯ ನರ ಉಬ್ಬಿತ್ತು.

"ನೀವು ಹೋಗ್ಲಿಲ್ಲ ಅನ್ನೋದಕ್ಕಲ್ಲ ಬ್ರದರ್," ಎಂದ. "ನಾವಿಬ್ರೂ ಎಲ್ರ ಮುಂದೆ ನಿಂತು ಸಾಕ್ಷಿ ಹೇಳಿದ್ವಿ. ಇವಳು ಅತ್ಕೊಂಡು ಹೇಳಿದ್ಳು. ಅವತ್ತು ನೀವು ಅಲ್ಲೇ ಕೂತಿದ್ರಿ. ನಮ್ಮ ಬಾಯಲ್ಲಿ ಸುಳ್ಳು ಹೇಳಿಸ್ಬಿಟ್ರಲ್ಲ."

ಇವನು ತಲೆ ತಗ್ಗಿಸಿ, "ಹೌದ್ರಿ," ಎಂದ. ಬೇರೆ ಒಂದು ಸಮಜಾಯಿಷಿಯನ್ನೂ ಹೇಳಲಿಲ್ಲ. ಮೈಸೂರಿನಲ್ಲಿ ನಮ್ಮಮ್ಮ ಅಳಿಯನ ಸುದ್ದಿಯನ್ನು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ, ಅದೂ ಎಷ್ಟು ಸಂಭ್ರಮದಿಂದ ಎಂಬುದು ನನ್ನ ಕಣ್ಣಿಗೆ ಕಟ್ಟಿತು. ನಾನು ಹೇಳುತ್ತಿದ್ದದ್ದು ಒಂದು ಸುಳ್ಳು ಎಂದುಕೊಂಡಿದ್ದೆ. ಅಮ್ಮನ ಬಾಯಲ್ಲಿ ಎಷ್ಟು ಹೇಳಿಸಿದ್ದೆನೋ.

ಹೆಂಡತಿ ಮಾತ್ರ ಒಂದೇ ಮಾತು ಕೇಳಿದಳು: "ನಾಳೆ ಎಲ್ರ ಮುಂದೆ ಹೇಳ್ತೀರಾ?" ಹೇಳುತ್ತೇನೆ ಎಂದ. "ಹಾಗಾದ್ರೆ ಪ್ರಾರ್ಥನೆ ಬೇರೆಯೋರು ಮಾಡ್ಲಿ. ನೀವು ಹೇಳಿ," ಎಂದಳು. ಚೀಟಿ ತೆಗೆದುಕೊಂಡು, ಓದದೆ, ಮಗುವಿನ ಬಟ್ಟೆಗಳ ಕೆಳಗೆ ಇಟ್ಟಳು.

ಮರುದಿನ ಹೇಳಿದ. ನಾನು ಕೊನೆಯ ಸಾಲಿನಲ್ಲಿ ನಿಂತಿದ್ದೆ. ಆವತ್ತು ಅವನು ನೆಲ ನೋಡಲಿಲ್ಲ, ಒಬ್ಬೊಬ್ಬರ ಮುಖವನ್ನೂ ನೋಡಿ ಮಾತಾಡಿದ. ಕೆಲವರು ಎದ್ದು ಹೊರಗೆ ಹೋದರು. ಊಟದ ಹೊತ್ತಿನಲ್ಲಿ ಅವನ ಪಕ್ಕದ ಕುರ್ಚಿಗಳು ಖಾಲಿಯಿದ್ದವು. ನಾನು ತಟ್ಟೆ ಹಿಡಿದುಕೊಂಡು ಹೋಗಿ ಕುಳಿತೆ. ಅನ್ನ ಮುಗಿಸಿ ಎರಡನೆಯ ಸಲ ಹಾಕಿಸಿಕೊಂಡ. ಎಷ್ಟೋ ತಿಂಗಳಿಂದ ಅವನು ಹಾಗೆ ಊಟ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಅಂಕಲ್ ಸಹಿ ಹಾಕಲಿಲ್ಲ. ಅವರನ್ನು ದೂರುವುದಕ್ಕೂ ಮನಸ್ಸು ಬರುವುದಿಲ್ಲ, ಅವರೂ ತಮ್ಮ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದರು. ವೀಸಾ ಮುಗಿಯಲು ಉಳಿದಿದ್ದ ಆರು ವಾರದಲ್ಲಿ ಇವನು ಮೂರೂ ಊರಿನ ಮನೆಮನೆಗೆ ಹೋಗಿ ಚೀಟಿಗಳನ್ನು ಕೈಗೆ ಕೊಟ್ಟು ಬಂದ. ಒಬ್ಬರು ಬಾಗಿಲು ತೆಗೆಯಲಿಲ್ಲ. ಇನ್ನೊಬ್ಬರು ನಕ್ಕು, ಇಟ್ಟುಕೋ, ಇನ್ನೊಂದು ಸಲ ಹೋದಾಗ ಓದುವಿಯಂತೆ ಎಂದರು. ಅಡಿಲೇಡಿನಲ್ಲಿ ಅಜ್ಜಿಯ ಮಗಳು ತಾಯಿಯ ಚೀಟಿಯನ್ನು ಅವನ ಎದುರಿಗೇ ಬಿಚ್ಚಿದರು. ಅಲ್ಲಿಂದಲೇ ನನಗೆ ಫೋನು ಮಾಡಿದ.

"ಅವರು ತಮ್ಮ ಬ್ಯಾನಿ ಬಗ್ಗೆ ಏನೂ ಬರದಿಲ್ರಿ ಅಕ್ಕಾರ. ಈ ಹುಡುಗ ಸುಖವಾಗಿ ತಿರುಗಿ ಬರಲಿ ಅಂತ ಬರದಾರ. ಅಷ್ಟ."

ಫೋನಿನಲ್ಲಿ ಅವನು ಅತ್ತ. ನಾನೂ ಅತ್ತೆ, ಆಫೀಸಿನ ಪ್ರಿಂಟರಿನ ಪಕ್ಕ ನಿಂತುಕೊಂಡು.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೋದವಳು ನಾನೊಬ್ಬಳೇ. ಬಂದಾಗ ಇದ್ದ ಅದೇ ಒಂದು ಚೀಲ. ಅಮ್ಮನಿಗೆ ಹೇಳು ಎಂದು ಅವನು ಒಂದು ದಿನವೂ ನನಗೆ ಬೋಧನೆ ಮಾಡಲಿಲ್ಲ, ಅಂದೂ ಮಾಡಲಿಲ್ಲ. "ಕೋಣಿ ಸ್ವಚ್ಛ ಮಾಡೀನ್ರಿ. ಸಿಂಕು ಮತ್ತ ಸೋರಾಕತ್ತೈತಿ, ನೋಡ್ರಿ," ಎಂದು ಹೇಳಿ ಒಳಗೆ ಹೋದ.

ಎರಡು ಭಾನುವಾರ ಕಳೆದ ಮೇಲೆ ಅಮ್ಮನಿಗೆ ಫೋನು ಮಾಡಿದೆ. ಹೇಳಿದೆ. ಅಮ್ಮ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮೊನ್ನೆ ಮಹಿಳಾ ಸಮಾಜದಲ್ಲಿ ಎಲ್ರಿಗೂ ನಮ್ಮಳಿಯ ದೊಡ್ಡ ಪ್ರಾಜೆಕ್ಟ್ ಮಾಡ್ತಿದಾರೆ ಅಂತ ಹೇಳಿದೀನಲ್ಲೇ," ಎಂದಳು. ಆಮೇಲೆ ಶುರುವಾಯಿತು ನೋಡಿ, ಮುಕ್ಕಾಲು ಗಂಟೆ. ನಾನು ಹೈಸ್ಕೂಲಿನಲ್ಲಿ ಮಾಡಿದ ತಪ್ಪುಗಳೂ ಅದರಲ್ಲಿ ಬಂದವು. ಕೊನೆಗೆ ಪಟ್ಟನೆ ಫೋನಿಟ್ಟಳು.

ನಾನು ಬೆಟಗೇರಿಗೆ ಫೋನು ಹಚ್ಚಿದೆ. ಅವನು ಈಗ ಗದಗಿನ ಸುತ್ತಿನ ಹಳ್ಳಿಗಳಿಗೆ ಬಸ್ಸಿನಲ್ಲಿ ತಿರುಗಿ ಬೋಧನೆ ಮಾಡುತ್ತಾನೆ; ಪವಿತ್ರ ನಾಡಿಗೆ ಹೋಗುವ ಮಾತೇ ಎತ್ತುವುದಿಲ್ಲ. ಎಂಜಿನ್ ಸದ್ದಿನ ನಡುವೆ ಕೂಗಿ ಹೇಳಬೇಕಾಯಿತು.

"ಹೇಳಿಬಿಟ್ಟೆ ಬ್ರದರ್. ಬೈದ್ರು."

"ಭಾಳ ಬೈದ್ರೇನ್ರಿ?"

"ಮುಕ್ಕಾಲು ಗಂಟೆ."

"ಚೊಲೊ ಆತ್ರಿ ಅಕ್ಕಾರ," ಎಂದ. "ಎದುರಿಗೆ ಇದ್ದವರಿಗಷ್ಟ ಮಂದಿ ಬೈತಾರ. ಇಷ್ಟು ದಿನ ನೀವು ಅವ್ವಾರ ಎದುರಿಗೆ ಇದ್ದಿಲ್ಲ."

ಕಂಡಕ್ಟರ್ ಸೀಟಿ ಊದಿದ, ಕರೆ ಕಡಿದುಹೋಯಿತು. ಅಮ್ಮ ಈಗಲೂ ಪ್ರತಿ ಭಾನುವಾರ ಸ್ವಲ್ಪವಾದರೂ ಬೈಯುತ್ತಾಳೆ. ನಾನು ಕುಳಿತು ಪೂರ್ತಿ ಕೇಳಿಸಿಕೊಳ್ಳುತ್ತೇನೆ.